ಬೇಸಿಗೆಯ ಕೆರೆಯಂಗಳ: ಹಕ್ಕಿ ನೋಡುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿ ಬಂದೆವು. ಆದರೆ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಆಗ ನೀರುಹಕ್ಕಿ ನೋಡಲು ಹೋದರೆ ಏನಾದರೂ ಕಂಡೀತೇ?
— ಓದುಗರೊಬ್ಬರು, ಗದಗ

ಉತ್ತರ: ಹೆಬ್ಬಾತುಗಳು ಆ ಹೊತ್ತಿಗೆ ಹಿಮಾಲಯದಾಚೆಗೆ ಹೊರಟುಹೋಗಿರುತ್ತವೆ, ಅವುಗಳಿಗಾಗಿ ಬೇಸಿಗೆಯಲ್ಲಿ ಮಾಗಡಿಗೆ ಹೋಗಬೇಕಾಗಿಲ್ಲ. ಆದರೆ ನಮ್ಮಲ್ಲೇ ಗೂಡು ಕಟ್ಟುವ ಹಕ್ಕಿಗಳ ಸಂಸಾರ ನೋಡಲು ಬೇಸಿಗೆಯೇ ಒಳ್ಳೆಯ ಕಾಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಎಲ್ಲರಿಗೂ ಗೊತ್ತಿರುವ ಜಾಗ. 1940ರಲ್ಲೇ ಪಕ್ಷಿಧಾಮವೆಂದು ಘೋಷಿತವಾದ ಇದು 2022ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೂ ಸೇರಿತು. ಆದರೂ ಮಕ್ಕಳೊಂದಿಗೆ ಹೋಗುವವರಿಗೆ ನಾನು ಮೊದಲು ಹೇಳುವ ಹೆಸರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಊರ ನಡುವಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆಯಾದ್ದರಿಂದ ದೋಣಿಯೂ ಬೇಡ, ದೊಡ್ಡ ಲೆನ್ಸೂ ಬೇಡ. ತಾಯಿಹಕ್ಕಿಯ ಗಂಟಲಿಗೆ ಮರಿ ಕೊಕ್ಕು ತೂರಿಸಿ ಮೀನು ತಿನ್ನುವುದನ್ನು ಬೀದಿಯಲ್ಲಿ ನಿಂತೇ ನೋಡಬಹುದು. ಮರದ ಬುಡಕ್ಕೆ ಬೀಳುವ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತ ಬಂದ ಈ ಊರನ್ನು ಸರ್ಕಾರ 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಗೂಡಿನಿಂದ ಬಿದ್ದ ಮರಿ ಕಣ್ಣಿಗೆ ಬಿದ್ದರೆ ನೀವು ಮುಟ್ಟದೆ ಊರಿನವರಿಗೆ ತಿಳಿಸಿರಿ. ಅಂಥ ಮರಿಗಳನ್ನು ಸಾಕಿ ಬೆಳೆಸುವ ಹೆಜ್ಜಾರ್ಲೆ ಬಳಗ ಅಲ್ಲಿಯೇ ಇದೆ. ಮೇ ಕಳೆಯುತ್ತ ಬಂದಂತೆ ಗೂಡುಗಳು ಖಾಲಿಯಾಗತೊಡಗುವುದರಿಂದ ರಜೆಯ ಮೊದಲ ದಿನಗಳಲ್ಲೇ ಹೋಗುವುದು ಲೇಸು. ಮರದಡಿ ನಿಲ್ಲುವವರು ತಲೆಗೊಂದು ಟೋಪಿ ಹಾಕಿಕೊಂಡಿರಬೇಕು, ಅದು ಬಿಸಿಲಿಗಾಗಿ ಮಾತ್ರವಲ್ಲ.

ಪ್ರಶ್ನೆ: ನಮ್ಮೂರ ಕೆರೆ ಮುಕ್ಕಾಲು ಪಾಲು ಒಣಗಿದೆ. ಅಂಗಳದ ಬರಿನೆಲದಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆಗಳು ಕಂಡವು. ಮರಿ ಹೊರಬರುವ ಚಿತ್ರ ತೆಗೆಯುವ ಆಸೆಯಿದೆ. ಎಷ್ಟು ಹತ್ತಿರ ಹೋಗಬಹುದು?
— ಹವ್ಯಾಸಿ ಛಾಯಾಗ್ರಾಹಕರು, ಕೋಲಾರ ಜಿಲ್ಲೆ

ಉತ್ತರ: ಇಷ್ಟು ಅಡಿ ಎಂದು ಹೇಳಿಬಿಡುವುದು ಸುಲಭ, ಆದರೆ ಅದು ಸರಿಯಾದ ಉತ್ತರವಲ್ಲ. ಹಕ್ಕಿ ಮೊಟ್ಟೆ ಬಿಟ್ಟು ಎದ್ದಿತೆಂದರೆ ನೀವು ಆಗಲೇ ಅತಿ ಹತ್ತಿರ ಹೋಗಿದ್ದೀರಿ ಎಂದು ತಿಳಿಯಬೇಕು. ಬೇಸಿಗೆಯಲ್ಲಿ ಇದು ಬರಿಯ ಸೌಜನ್ಯದ ಮಾತಲ್ಲ, ಮೊಟ್ಟೆಯ ಜೀವದ ಪ್ರಶ್ನೆ. ಕಾವು ಕೊಡುವುದೆಂದರೆ ಬೆಚ್ಚಗಿಡುವುದು ಎಂದಷ್ಟೇ ನಾವು ತಿಳಿದಿರುತ್ತೇವೆ. ಏಪ್ರಿಲ್ ಮಧ್ಯಾಹ್ನ, ಮರದ ನೆರಳಿಲ್ಲದ ಕೆರೆಯಂಗಳದಲ್ಲಿ, ಟಿಟ್ಟಿಭ ಮಾಡುವುದು ಅದಕ್ಕೆ ವಿರುದ್ಧವಾದ ಕೆಲಸ. ಮೊಟ್ಟೆಗಳ ಮೇಲೆ ಕೂರದೆ, ಅವುಗಳಿಗೆ ತನ್ನ ನೆರಳು ಬೀಳುವಂತೆ ನಿಂತಿರುತ್ತದೆ. ನೀರಿನಂಚಿಗೆ ಹೋಗಿ ಎದೆ-ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಆ ತೇವದಿಂದ ಮೊಟ್ಟೆಗಳನ್ನು ತಂಪಾಗಿಸುತ್ತದೆ. ಕ್ಯಾಮೆರಾ ಹಿಡಿದವರು ಸುತ್ತುವರಿದು ನಿಂತಷ್ಟು ಹೊತ್ತೂ ಈ ಕೆಲಸ ನಿಂತುಹೋಗುತ್ತದೆ, ಕಾದ ನೆಲದ ಮೇಲೆ ಮೊಟ್ಟೆಯೊಳಗಿನ ಮರಿ ಬೇಯುತ್ತದೆ. ಹಕ್ಕಿ ತಲೆಯ ಮೇಲೆ ಎರಗಿ ಎರಗಿ ಕಿರುಚುವುದನ್ನು ಒಳ್ಳೆಯ ‘ಆಕ್ಷನ್ ಶಾಟ್’ ಎಂದು ಸಂಭ್ರಮಿಸುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಅಪಾಯವೂ ಇದೆ. ಮಣ್ಣುಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಆ ಮೊಟ್ಟೆಗಳು ಕಲ್ಲುಗಳ ನಡುವೆ ಕಣ್ಣಿಗೆ ಬೀಳುವುದೇ ಕಷ್ಟ. ಮರಿಗಳಂತೂ ತಾಯಿ ಕೂಗಿದೊಡನೆ ನೆಲಕ್ಕೆ ಅಂಟಿಕೊಂಡು ಅಲುಗಾಡದೆ ಕುಳಿತುಬಿಡುತ್ತವೆ. ಹೀಗಾಗಿ ಒಂದು ಗೂಡಿನತ್ತ ನೋಡುತ್ತ ನಡೆಯುವವರು ಇನ್ನೊಂದು ಗೂಡನ್ನು ಮೆಟ್ಟುವ ಸಂಭವವಿದೆ. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳೂ ಇಂಥ ಅಂಗಳದ ಕೆಸರು ದಿಬ್ಬಗಳ ಮೇಲೆಯೇ ಮೊಟ್ಟೆ ಇಡುತ್ತವೆ. ಆದ್ದರಿಂದ ಅಂಗಳಕ್ಕೆ ಇಳಿಯದೆ ಏರಿಯ ಮೇಲೆಯೇ ಕುಳಿತು, ಬೆಳಗಿನ ತಂಪು ಹೊತ್ತಿನಲ್ಲಿ, ಲೆನ್ಸು ಎಷ್ಟು ದೂರ ಮುಟ್ಟುತ್ತದೆಯೋ ಅಷ್ಟಕ್ಕೇ ತೃಪ್ತಿಪಟ್ಟುಕೊಳ್ಳಿರಿ. ಚಿತ್ರಕ್ಕೆ ಅಡ್ಡವೆಂದು ಸುತ್ತಲಿನ ಹುಲ್ಲು ಕೀಳುವುದು, ಕಲ್ಲು ಸರಿಸುವುದು ಕೂಡದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ಬೇಟೆ ಎಂಬುದಕ್ಕೆ ಕೊಟ್ಟಿರುವ ವಿವರಣೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆಯೆಂಬುದು ನೆನಪಿರಲಿ. ಗೂಡಿನ ಜಾಗವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚದಿರುವುದು ಒಳ್ಳೆಯದು. ಕೆರೆಯ ಹೂಳೆತ್ತುವ ಕೆಲಸವೂ ಈ ದಿನಗಳಲ್ಲೇ ನಡೆಯುವುದರಿಂದ, ಜೆಸಿಬಿ ಬರುವುದಿದ್ದರೆ ಆ ಮೂಲೆಯನ್ನು ಕೆಲವು ವಾರ ಬಿಡುವಂತೆ ಪಂಚಾಯಿತಿಯವರನ್ನು ಕೇಳಿ ನೋಡಿರಿ.

ಪ್ರಶ್ನೆ: 600 ಎಂಎಂ ಲೆನ್ಸ್, ಟ್ರೈಪಾಡ್, ಸೆಕೆಂಡಿನ 2000ದಲ್ಲೊಂದು ಭಾಗದ ಶಟರ್ ವೇಗ ಎಲ್ಲವೂ ಇದ್ದು, ಹತ್ತು ಗಂಟೆಯ ಮೇಲೆ ತೆಗೆದ ಚಿತ್ರಗಳೆಲ್ಲ ಮಸುಕಾಗುತ್ತವೆ. ಲೆನ್ಸನ್ನು ದುರಸ್ತಿಗೆ ಕೊಡಬೇಕೇ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಬೆಳಗಿನ ಚಿತ್ರಗಳು ಸ್ಫುಟವಾಗಿ ಬರುತ್ತಿದ್ದರೆ ದೋಷ ಲೆನ್ಸಿನದಲ್ಲ, ನಡುವಿನ ಗಾಳಿಯದು. ಕಾದ ನೆಲದಿಂದ ಬಿಸಿಗಾಳಿ ಏಳುವಾಗ ಅದರ ಸಾಂದ್ರತೆ ಒಂದೇ ಸಮನೆ ಇರುವುದಿಲ್ಲ. ಅದರ ಮೂಲಕ ಹಾದುಬರುವ ಬೆಳಕು ಬಾಗಿ ಬಳುಕುತ್ತದೆ. ಡಾಂಬರು ರಸ್ತೆಯ ಮೇಲೆ ಬಿಸಿಲ್ಗುದುರೆ ಕಾಣಿಸುವುದೂ ಇದರಿಂದಲೇ. ಲೆನ್ಸು ಉದ್ದವಾದಷ್ಟೂ, ಹಕ್ಕಿ ದೂರವಿದ್ದಷ್ಟೂ ಈ ಬಳುಕು ದೊಡ್ಡದಾಗಿ ಕಾಣುತ್ತದೆ, ಶಟರ್ ವೇಗ ಏರಿಸಿದರೆ ಅದು ಹೋಗುವುದಿಲ್ಲ. ಸೂರ್ಯೋದಯದಿಂದ ಎರಡು ಗಂಟೆಯೊಳಗೆ ಕೆಲಸ ಮುಗಿಸುವುದೇ ನಿಜವಾದ ಪರಿಹಾರ. ಮೇ ತಿಂಗಳಲ್ಲಿ ಆರು ಗಂಟೆಗೆಲ್ಲ ಸೂರ್ಯ ಹುಟ್ಟಿರುತ್ತಾನೆ, ಆದ್ದರಿಂದ ಐದೂವರೆಗೇ ಏರಿಯ ಮೇಲಿರಬೇಕು. ತಡವಾದರೆ ಒಣ ಅಂಗಳದ ಮೇಲಿನಿಂದ ಗುರಿಯಿಡುವ ಬದಲು ನೀರಿನ ಮೇಲಿನಿಂದ ಗುರಿಯಿಡಬಹುದು. ನೆಲಕ್ಕೆ ಅಂಟಿ ಮಲಗುವುದಕ್ಕಿಂತ ತುಸು ಎತ್ತರದಲ್ಲಿ ಕೂರುವುದು ವಾಸಿ. ಎಸಿ ಹಾಕಿದ ಕಾರಿನ ಕಿಟಕಿ ಇಳಿಸಿ ತೆಗೆಯುವವರಿಗೆ ಒಳಗಿನ ತಂಪು ಮತ್ತು ಹೊರಗಿನ ಬಿಸಿ ಬೆರೆಯುವ ಕಿಟಕಿಯ ಬಳಿಯೇ ಇದೇ ತೊಂದರೆ ಹುಟ್ಟುತ್ತದೆ. ಬೆಳ್ಳಕ್ಕಿಯಂಥ ಅಚ್ಚ ಬಿಳಿಯ ಹಕ್ಕಿಗಳಿಗೆ ಎಕ್ಸ್‌ಪೋಷರ್ ಅನ್ನು ಅರ್ಧದಿಂದ ಒಂದು ಸ್ಟಾಪ್ (ಬೆಳಕಿನ ಪ್ರಮಾಣದ ಅಳತೆ) ತಗ್ಗಿಸದಿದ್ದರೆ ಗರಿಯ ಗೆರೆಗಳೇ ಮಾಯವಾಗುತ್ತವೆ ಎಂಬುದನ್ನೂ ಇಲ್ಲಿಯೇ ಸೇರಿಸಿ ಹೇಳುತ್ತೇನೆ.

ಪ್ರಶ್ನೆ: ಬೆನ್ನು ಕಡುಗೆಂಪು, ತಲೆಯಿಂದ ಇಳಿಬಿದ್ದ ಉದ್ದನೆಯ ಗರಿಗಳು, ಹಾರಿದಾಗ ರೆಕ್ಕೆ ಅಚ್ಚ ಬಿಳಿ. ನಮ್ಮ ಕೆರೆಗೆ ಹೊಸದಾಗಿ ಬಂದ ಈ ಹಕ್ಕಿ ಯಾವುದು?
— ಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಅದು ಹೊಸ ಹಕ್ಕಿಯಲ್ಲ, ವರ್ಷವಿಡೀ ದಡದಲ್ಲಿ ತಪಸ್ಸು ಮಾಡುತ್ತ ಕುಳಿತಿರುವ ಕೊಳದ ಬಕವೇ. ಸಂತಾನದ ಕಾಲ ಹತ್ತಿರವಾದಾಗ ಅದು ಮಣ್ಣುಬಣ್ಣ ಕಳೆದು ಈ ಉಡುಗೆ ತೊಡುತ್ತದೆ. ದನಗಳ ಹಿಂದೆ ಓಡಾಡುವ ಗೋವಕ್ಕಿಗೂ ಈಗಲೇ ತಲೆ, ಕುತ್ತಿಗೆಗಳು ಕಿತ್ತಳೆಯಾಗುವುದರಿಂದ ಅದನ್ನೂ ಬೇರೆ ಹಕ್ಕಿಯೆಂದು ತಿಳಿಯುವವರಿದ್ದಾರೆ. ಮಕ್ಕಳಿಂದ ಹಕ್ಕಿಗಳ ಪಟ್ಟಿ ಬರೆಸುವಾಗ ಪ್ರತಿ ಹೆಸರಿನ ಮುಂದೆ ತಿಂಗಳನ್ನೂ ಬಣ್ಣವನ್ನೂ ಬರೆಸಿರಿ.