ಮಧ್ಯ ಅಮೆರಿಕದ ಗ್ವಾಟೆಮಾಲಾದ ಮೂಲನಿವಾಸಿ ಮಾಯಾ ಜನರಿಗೆ ಬೇಸಾಯ ಮತ್ತು ಏಳಿಗೆ ಹೇಗೆ ಒಂದೇ ಆಗುತ್ತದೆ?

ಅವರ ಪಾಲಿಗೆ ಎರಡೂ ಬೇರೆ ಅಲ್ಲವೇ ಅಲ್ಲ. ಕಿಚೇ ಎಂಬ ಮಾಯಾ ಭಾಷೆಯಲ್ಲಿ ಒಳ್ಳೆಯ ಬದುಕನ್ನು 'ಉತ್ಸ್ ಕಸ್ಲೆಮಾಲ್' ಅನ್ನುತ್ತಾರೆ. ಅದರಲ್ಲಿ ದುಡ್ಡು ಒಂದು ಪಾಲು ಮಾತ್ರ. ಮಣ್ಣು, ನೀರು, ನೆರೆಹೊರೆ, ಹಿರಿಯರ ನೆನಪು ಎಲ್ಲವೂ ನೆಟ್ಟಗಿರಬೇಕು.

ರಬಿನಾಲ್ ಊರನ್ನೇ ನೋಡಿ. ಇದು ಆಚಿ ಮಾಯಾ ಜನರ ನೆಲ. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ, ಅದರಲ್ಲೂ 1982ರ ಸುಮಾರಿಗೆ, ಇಲ್ಲಿ ಸೇನೆ ಹಳ್ಳಿ ಹಳ್ಳಿಗಳನ್ನೇ ನಾಶ ಮಾಡಿತು. ಜನರ ಜೊತೆ ಬೀಜಗಳೂ ಹೋದವು. ಕೆಲವು ಮನೆಯವರು ಮಾತ್ರ ದಂಟಿನ ಬೀಜವನ್ನು ಗುಟ್ಟಾಗಿ ಉಳಿಸಿಕೊಂಡಿದ್ದರು. ನಾವು ರಾಜಗಿರಿ ಅನ್ನುತ್ತೇವಲ್ಲ, ಅದೇ ಜಾತಿಯ ಕಾಳು. ಎಲೆ ಪಲ್ಯಕ್ಕೆ, ಕಾಳು ಗಂಜಿಗೆ. ಒಂದು ತೆನೆ ಉದುರಿಸಿದರೆ ಸಾವಿರಾರು ಬೀಜ. ಮಳೆ ಕಮ್ಮಿಯಾದರೂ ತಡೆದುಕೊಳ್ಳುತ್ತದೆ.

ಯುದ್ಧದ ನಂತರ 'ಕಾಚೂ ಅಲೋಮ್' ಎಂಬ ಸ್ಥಳೀಯ ಸಂಘ ಈ ಬೀಜಗಳನ್ನು ಮತ್ತೆ ಹೊಲಕ್ಕೆ ತಂದಿತು. ಕೆಲಸ ಮುನ್ನಡೆಸುವವರಲ್ಲಿ ಹೆಂಗಸರೇ ಜಾಸ್ತಿ. ಬೀಜ ಕಾಯುವುದು, ಹಂಚುವುದು, ರಾಸಾಯನಿಕ ಗೊಬ್ಬರವಿಲ್ಲದೆ ಬೆಳೆಯುವುದು ಅವರ ದಾರಿ. ಜೊತೆಗೆ ಹಳೆಯ 'ಮಿಲ್ಪಾ' ಪದ್ಧತಿ ಇದೆ: ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬುತ್ತದೆ, ಅದರ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಕುಂಬಳದ ಅಗಲ ಎಲೆ ನೆಲದ ತೇವ ಕಾಯುತ್ತದೆ.

ಇದನ್ನು ಸುಮ್ನೆ 'ಸಾವಯವ ಕೃಷಿ ಯೋಜನೆ' ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಹೊರಗಿನ ಯೋಜನೆಗಳು ಸಾಮಾನ್ಯವಾಗಿ ಇಳುವರಿ ಎಷ್ಟು ಅಂತಲೇ ಮೊದಲು ಕೇಳುತ್ತವೆ. ಇಲ್ಲಿ ಬೀಜ ಯಾರ ಕೈಯಲ್ಲಿದೆ ಅನ್ನುವುದೇ ಮುಖ್ಯ, ಯಾಕಂದ್ರೆ ಅದನ್ನು ಒಮ್ಮೆ ಅವರ ಕೈಯಿಂದ ಕಿತ್ತುಕೊಳ್ಳಲಾಗಿತ್ತು.