ಶಿಕ್ಷಕರ ಹಾಜರಿಯನ್ನು ಕೇಳುವ ಅಧಿಕಾರ ಪಾಲಕರಿಗಿದೆಯೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ರೈತ, ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಶಾಲೆಯಲ್ಲಿ 98 ಮಕ್ಕಳಿದ್ದಾರೆ. ನಾಲ್ಕು ಹುದ್ದೆಗಳಲ್ಲಿ ಒಂದು ಖಾಲಿ. ಇನ್ನೊಬ್ಬರು ನಿಯೋಜನೆಯ ಮೇಲೆ ಬೇರೆ ಶಾಲೆಯಲ್ಲಿದ್ದಾರೆ. ಉಳಿದಿಬ್ಬರಲ್ಲಿ ಒಬ್ಬರು ಬಸ್ಸಿಳಿದು ಬರುವುದು ಹನ್ನೊಂದಕ್ಕೆ, ಹೊರಡುವುದು ಮೂರಕ್ಕೆ. ವಿಚಾರಿಸಿದರೆ ‘ಸರ್ ಮೀಟಿಂಗಿಗೆ ಹೋಗ್ಯಾರ್ರಿ’ ಎನ್ನುತ್ತಾರೆ. ನಾಲ್ಕನೇ ತರಗತಿಯ ನನ್ನ ಮಗಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ. ಪ್ರಶ್ನಿಸುವ ಅಧಿಕಾರ ನಮಗಿದೆಯೇ?

ಉತ್ತರ: ಖಂಡಿತ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಶಾಲೆಯ ಕೆಲಸಕಾರ್ಯಗಳ ಮೇಲುಸ್ತುವಾರಿಯನ್ನು ತಮ್ಮಂಥ ಸಮಿತಿಗೇ ವಹಿಸಿದೆ. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಮಯಕ್ಕೆ ಸರಿಯಾಗಿ ಶಾಲೆಗೆ ಬರುವುದು, ಪಠ್ಯವನ್ನು ಪೂರ್ಣಗೊಳಿಸುವುದು, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಹಿಂದುಳಿದವರಿಗೆ ಹೆಚ್ಚುವರಿ ಪಾಠ ಹೇಳುವುದು, ಪಾಲಕರ ಸಭೆ ಕರೆಯುವುದು ಶಿಕ್ಷಕರ ಕರ್ತವ್ಯವೆಂದು 24ನೇ ಕಲಮು ಹೇಳುತ್ತದೆ. ತಪ್ಪಿದರೆ ಸೇವಾ ನಿಯಮಗಳಂತೆ ಶಿಸ್ತುಕ್ರಮಕ್ಕೂ ಅವಕಾಶವಿದೆ.

ಆದರೆ ತಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೂರುಗಳು ಒಂದಾಗಿ ಬೆರೆತಿವೆ. ತಡವಾಗಿ ಬರುವ ಶಿಕ್ಷಕರು ತಮ್ಮ ನಡವಳಿಕೆಗೆ ಉತ್ತರ ಹೇಳಬೇಕಾದವರು. ಖಾಲಿ ಹುದ್ದೆ ಮತ್ತು ನಿಯೋಜನೆಗೆ ಉತ್ತರ ಹೇಳಬೇಕಾದದ್ದು ಇಲಾಖೆ. ಕಾಯ್ದೆಯ ಅನುಸೂಚಿಯ ಪ್ರಕಾರ 91ರಿಂದ 120 ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ನಾಲ್ವರು ಶಿಕ್ಷಕರಿರಬೇಕು. ಇಬ್ಬರು ಐದು ತರಗತಿಗಳನ್ನು ನಡೆಸುತ್ತಿರುವಲ್ಲಿ, ಇರುವ ಆ ಇಬ್ಬರ ಮೇಲೇ ಊರಿನ ಸಿಟ್ಟೆಲ್ಲ ತಿರುಗಿದರೆ ನಿಜವಾದ ಕೊರತೆ ಮರೆಯಾಗಿ ಉಳಿಯುತ್ತದೆ. ಹಾಗಾಗಿ ಎರಡು ಅರ್ಜಿಗಳನ್ನು ಪ್ರತ್ಯೇಕವಾಗಿ ಬರೆಯಿರಿ.

ಮೊದಲನೆಯದಕ್ಕೆ ಆಧಾರ ಬೇಕು. ನಾನು ಮುಖ್ಯ ಶಿಕ್ಷಕನಾಗಿದ್ದ ಕಾಲದಲ್ಲಿ ಮೇಜಿನ ಮೇಲೆ ಎರಡು ವಹಿಗಳನ್ನು ಇಡುತ್ತಿದ್ದೆ, ಒಂದು ಹಾಜರಿ ವಹಿ, ಇನ್ನೊಂದು ಚಲನವಲನ ವಹಿ. ಮೀಟಿಂಗಿಗೆ ಹೋಗುವವರು ಎರಡನೆಯದರಲ್ಲಿ ಯಾವ ಕಚೇರಿ, ಯಾವ ಆದೇಶ, ಹೊರಟ ಸಮಯ ಎಷ್ಟು ಎಂದು ಬರೆದೇ ಹೊರಡಬೇಕಿತ್ತು. ಹಾಜರಿ ವಹಿಯಲ್ಲಿ ‘ಓಓಡಿ’ (ಬೇರೆ ಕಚೇರಿ ಕೆಲಸದ ಮೇಲೆ ಹೊರಗಿದ್ದಾರೆ) ಎಂದಿದ್ದು ಚಲನವಲನ ವಹಿಯ ಪುಟ ಖಾಲಿಯಿದ್ದರೆ ಅಲ್ಲಿಂದಲೇ ಪ್ರಶ್ನೆ ಶುರುವಾಗುತ್ತಿತ್ತು. ತಾವೂ ಮುಂದಿನ ಸಮಿತಿ ಸಭೆಯಲ್ಲಿ ಈ ಎರಡನ್ನೂ ಹಾಜರುಪಡಿಸಲು ಕೇಳಿ, ಒಂದು ತಿಂಗಳ ದಿನಾಂಕಗಳನ್ನು ಹೋಲಿಸಿ, ಕಂಡದ್ದನ್ನು ನಡಾವಳಿಯಲ್ಲಿ ಬರೆಸಿ ಸಹಿ ಮಾಡಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಕಳುಹಿಸುವಂತಿಲ್ಲವೆಂದು 27ನೇ ಕಲಮು ಹೇಳುವುದರಿಂದ, ಆ ಮೀಟಿಂಗುಗಳು ನಿಜವೇ ಆಗಿದ್ದರೂ ಯಾತಕ್ಕಾಗಿ ಎಂದು ಕೇಳುವುದು ತಪ್ಪಲ್ಲ. ವಹಿ ತೋರಿಸಲು ಒಪ್ಪದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು.

ಮಗಳ ಓದಿನ ವಿಷಯವನ್ನು ಹಾಜರಿಯ ಜಗಳದೊಳಗೆ ಸೇರಿಸಬೇಡಿ. ಅದೇ ಸಭೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳ ಕೈಗೆ ಎರಡನೇ ತರಗತಿಯ ಕನ್ನಡ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ, ಎಡವಿದವರಿಗೆ ಯಾರು, ಯಾವ ಹೊತ್ತಿನಲ್ಲಿ ಹೆಚ್ಚುವರಿ ಪಾಠ ಹೇಳುತ್ತಾರೆಂದು ಬರೆಸಿಕೊಳ್ಳಿ. ಮಕ್ಕಳನ್ನು ನಾಚಿಸುವಂತೆ ಮಾತ್ರ ಇದು ನಡೆಯಬಾರದು. ಹಾಗೆಯೇ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ತಮ್ಮೂರಿನ ಎಷ್ಟು ಮಕ್ಕಳು ಹೊಲದಲ್ಲಿರುತ್ತಾರೆ ಎಂದು ಮಕ್ಕಳ ಹಾಜರಿಯನ್ನೂ ತೆರೆದು ನೋಡಿ. ಶಿಕ್ಷಕರು ಆ ಪುಟವನ್ನೇ ತಮ್ಮ ಮುಂದೆ ಹಿಡಿಯುತ್ತಾರೆ, ಹಿಡಿದರೆ ಅದರಲ್ಲಿ ಅನ್ಯಾಯವೇನೂ ಇಲ್ಲ.

ಎರಡನೇ ಅರ್ಜಿ ನಿಯೋಜನೆ ರದ್ದತಿ ಮತ್ತು ಖಾಲಿ ಹುದ್ದೆಯ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಹೋಗಲಿ, ಅದರ ಒಂದು ನಕಲು ಜಿಲ್ಲೆಯ ಉಪನಿರ್ದೇಶಕರಿಗೆ. ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಬಿಡುವಂತಿಲ್ಲವೆಂಬ 26ನೇ ಕಲಮನ್ನು ಉಲ್ಲೇಖಿಸಿ. 2011ರ ಜನಗಣತಿಯಲ್ಲಿ ಶೇ. 51.83ರಷ್ಟು ಸಾಕ್ಷರತೆಯೊಡನೆ ರಾಜ್ಯದಲ್ಲೇ ಕೊನೆಗಿದ್ದ ಜಿಲ್ಲೆಯಿಂದ, ಇದ್ದ ಶಿಕ್ಷಕರನ್ನೂ ಬೇರೆಡೆಗೆ ಕಳುಹಿಸಿದ್ದಕ್ಕೆ ಕಾರಣ ಕೇಳುವುದು ನ್ಯಾಯವೇ ಆಗಿದೆ.

ಎರಡಕ್ಕೂ ಸ್ಪಂದನೆ ಬಾರದಿದ್ದರೆ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಆ ಮೂರು ತಿಂಗಳನ್ನು ಎಣಿಸಲು ದಿನಾಂಕ ಬೇಕಾದ್ದರಿಂದ, ತಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.