ಓದುಗರ ಪ್ರಶ್ನೆ: ಗೂಡ್ಸ್ ರೈಲಿನ ತಪಾಸಣೆ

ಪ್ರಶ್ನೆ: ಪಣಂಬೂರಿನ ಯಾರ್ಡಿಗೆ ಗೂಡ್ಸ್ ರೈಲು ನಿಧಾನವಾಗಿ ಬರುವಾಗ ಹಳಿಯ ಎರಡೂ ಬದಿಯಲ್ಲಿ ಸಿಬ್ಬಂದಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿರುತ್ತಾರೆ. ರೈಲು ನಿಂತ ಮೇಲೆ ಸಾವಕಾಶವಾಗಿ ನೋಡಬಹುದಲ್ಲವೇ? ತಪಾಸಣೆಗೆ ಗಂಟೆಗಟ್ಟಲೆ ಏಕೆ ಬೇಕು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಕೆಲವು ದೋಷಗಳು ಗಾಡಿ ಉರುಳುವಾಗಲಷ್ಟೇ ತಿಳಿಯುತ್ತವೆ. ಚಪ್ಪಟೆಯಾದ ಗಾಲಿ ಸುತ್ತಿಗೊಮ್ಮೆ ಹಳಿಯನ್ನು ಬಡಿಯುವ ಸದ್ದು, ಬ್ರೇಕ್ ಬಿಡದೆ ಉಜ್ಜಿಕೊಂಡೇ ಬರುತ್ತಿರುವ ಗಾಲಿ, ಕಳಚಿ ಜೋತಾಡುತ್ತಿರುವ ಕಬ್ಬಿಣದ ಸರಳು, ಇವೆಲ್ಲ ತಗ್ಗಿ ಕುಳಿತವರ ಕಣ್ಣು ಕಿವಿಗೇ ಮೊದಲು ಸಿಗುತ್ತವೆ. ಗಾಡಿ ನಿಂತ ಕೂಡಲೇ, ಬಿಸಿ ಆರುವ ಮೊದಲು, ಬೇರಿಂಗುಗಳ ಶಾಖವನ್ನು ನೋಡುತ್ತಾರೆ. ಅತಿಯಾಗಿ ಕಾದ ಬೇರಿಂಗು ಕೊನೆಗೆ ಅಚ್ಚನ್ನೇ ಮುರಿದು ಗಾಡಿಯನ್ನು ಹಳಿ ತಪ್ಪಿಸಬಲ್ಲದು.

ಹೆಚ್ಚು ಹೊತ್ತು ಹಿಡಿಯುವುದು ಬ್ರೇಕಿನ ಪರೀಕ್ಷೆ. ಗಾಳಿ ತುಂಬಿದರೆ ಬ್ರೇಕ್ ಹಿಡಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜ ಅದಕ್ಕೆ ವಿರುದ್ಧವಾಗಿದೆ. ಎಂಜಿನ್ನಿನಿಂದ ಕೊನೆಯವರೆಗೆ ಹೋಗುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡವಿರುವಾಗ ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿದೊಡನೆ ಪ್ರತಿ ವ್ಯಾಗನ್ನಿನ ತೊಟ್ಟಿಯಲ್ಲಿರುವ ಗಾಳಿ ಸಿಲಿಂಡರಿಗೆ ನುಗ್ಗಿ ಬ್ರೇಕ್ ಹಿಡಿಸುತ್ತದೆ. ಆದುದರಿಂದಲೇ ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ, 50 ಮೀಟರಿಗೆ 1 ಮೀಟರ್ ಏರುವ ಕಡಿದಾದ ದಾರಿಯಲ್ಲಿ, ಕೊಂಡಿ ತುಂಡಾದರೂ ಪೈಪು ಹರಿದು ಎರಡೂ ತುಂಡುಗಳು ತಾವಾಗಿ ನಿಲ್ಲಬೇಕು. ಆದರೆ ವ್ಯಾಗನ್ನುಗಳ ಬ್ರೇಕ್ ಸರಿಯಿದ್ದರೆ ಮಾತ್ರ ಈ ಮಾತು ನಿಜ. ಹೀಗಾಗಿ ಐವತ್ತಕ್ಕೂ ಹೆಚ್ಚು ವ್ಯಾಗನ್ನುಗಳ ಉದ್ದಕ್ಕೂ ನಡೆದು, ಒಂದೊಂದರಲ್ಲೂ ಪಿಸ್ಟನ್ ಎಷ್ಟು ಹೊರಬಂದಿದೆ, ಬ್ರೇಕ್ ಬಿಟ್ಟಾಗ ಪೂರ್ತಿ ಒಳಹೋಯಿತೇ ಎಂದು ನೋಡಲೇಬೇಕಾಗುತ್ತದೆ.

ಸಣ್ಣದೆಂದು ಕಂಡರೂ ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಸಂಗತಿಯೊಂದಿದೆ. ಹಲವು ವ್ಯಾಗನ್ನುಗಳ ಬದಿಯಲ್ಲಿ 'ಎಂಪ್ಟಿ', 'ಲೋಡ್' ಎಂದು ತಿರುಗಿಸುವ ಹಿಡಿಯಿದೆ. ಕಲ್ಲಿದ್ದಲು ತುಂಬಿದ ವ್ಯಾಗನ್ನಿನಲ್ಲಿ ಅದು 'ಎಂಪ್ಟಿ'ಯಲ್ಲೇ ಉಳಿದರೆ ಬ್ರೇಕಿನ ಬಲ ಸಾಲದು. ಖಾಲಿ ವ್ಯಾಗನ್ನಿನಲ್ಲಿ 'ಲೋಡ್' ಎಂದಿದ್ದರೆ ಗಾಲಿ ತಿರುಗದೆ ಹಳಿಯ ಮೇಲೆ ಜಾರಿ, ಮೇಲೆ ಹೇಳಿದ ಆ ಚಪ್ಪಟೆ ಗುರುತು ಅಲ್ಲೇ ಹುಟ್ಟುತ್ತದೆ.

ಇಷ್ಟಾದ ಮೇಲೆ, ಬ್ರೇಕ್ ಸರಿಯಿದೆ ಎಂದು ಬರೆದುಕೊಡುವ ಬ್ರೇಕ್ ಪವರ್ ಸರ್ಟಿಫಿಕೇಟ್ ಲೋಕೊ ಪೈಲಟ್ ಮತ್ತು ಟ್ರೇನ್ ಮ್ಯಾನೇಜರ್ (ಹಿಂದೆ ಗಾರ್ಡ್ ಎನ್ನುತ್ತಿದ್ದವರು) ಕೈಸೇರುತ್ತದೆ. ಅದಿಲ್ಲದೆ ಗಾಡಿ ಹೊರಡುವಂತಿಲ್ಲ. ಗೇಟಿನಲ್ಲಿ ಕಾಯುವಾಗ ಗಾಲಿಯಿಂದ ಹೊಗೆಯಾಗಲಿ ಕಿಡಿಯಾಗಲಿ ಬರುವುದನ್ನು ನೀವು ಕಂಡರೆ ದಯವಿಟ್ಟು ತಕ್ಷಣ ಗೇಟ್‌ಮ್ಯಾನ್‌ಗೆ ಕೂಗಿ ತಿಳಿಸಿ. ಕೆಂಪು ಬಾವುಟ ತೋರಿಸಿ ಗಾಡಿ ನಿಲ್ಲಿಸುವುದು, ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುವುದು ಅವರಿಗೆ ಗೊತ್ತಿದೆ.